ಹಡಗಿನ ಬಡಗಿಯ ಆಟದ ಹಲಗೆ

ದೊರೆಗಳು ಹೂಡಿದ ಕಾಳಗಗಳನ್ನೂ ಹೊರಡಿಸಿದ ಶಾಸನಗಳನ್ನೂ ಚರಿತ್ರೆಯ ಗ್ರಂಥಗಳು ತಪ್ಪದೆ ನಿರೂಪಿಸುತ್ತವೆ. ಆ ಶಾಸನಗಳಿಗೆ ಒಳಪಟ್ಟ ಜನಸಾಮಾನ್ಯರು ದುಡಿಮೆ ತೀರಿದ ಮೇಲೆ ಹೊತ್ತನ್ನು ಹೇಗೆ ಕಳೆಯುತ್ತಿದ್ದರೆಂಬುದನ್ನು ನಾವು ಬೇರೆ ಕಡೆ ಅರಸಬೇಕಾಗುತ್ತದೆ. ಒಮ್ಮೊಮ್ಮೆ ಸಮುದ್ರದ ತಳದಲ್ಲಿಯೂ ಅರಸಬೇಕಾಗುತ್ತದೆ.

ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿಯ ಯುದ್ಧನೌಕೆಗಳಲ್ಲಿ ‘ಮೇರಿ ರೋಸ್’ ಎಂಬುದು ಹೆಸರಾದುದು. ೧೫೪೫ನೆಯ ಇಸವಿ ಜುಲೈ ೧೯ರಂದು, ಪೋರ್ಟ್ಸ್‌ಮತ್ ರೇವಿನ ಹೊರಗೆ ಫ್ರೆಂಚರ ನೌಕಾಬಲವನ್ನು ಎದುರಿಸುತ್ತಿದ್ದಾಗ, ಈ ಹಡಗು ಒಂದು ಮಗ್ಗುಲಿಗೆ ವಾಲಿ ಮುಳುಗಿಹೋಯಿತು. ಅದರಲ್ಲಿದ್ದ ಸುಮಾರು ೫೦೦ ಮಂದಿಯಲ್ಲಿ ಬದುಕಿ ಉಳಿದವರು ಅತ್ಯಲ್ಪ. ಹಡಗಿನ ಬಲಮಗ್ಗುಲು ಕೆಸರಿನಲ್ಲಿ ಹೂತುಹೋದುದರಿಂದ ಆ ಭಾಗದ ಮರಮುಟ್ಟುಗಳು ನಾಲ್ಕು ಶತಮಾನಗಳಿಗೂ ಮೀರಿ ಕೆಡದೆ ಉಳಿದುವು. ೧೯೮೨ನೆಯ ಇಸವಿ ಅಕ್ಟೋಬರ್ ೧೧ರಂದು ಅದನ್ನು ಮೇಲಕ್ಕೆತ್ತಿದರು.

ಹಡಗಿನ ಬಡಗಿಯ ಕೋಣೆಯಲ್ಲಿ ಉಜ್ಜುಗೊರಡು ಮೊದಲಾದ ಸಾಧನಗಳೊಡನೆ ಒಂದು ಆಟದ ಹಲಗೆಯೂ ದೊರೆಯಿತು. ಆ ಕಾಲದವರು ಈ ಆಟವನ್ನು ‘ಟೇಬಲ್ಸ್’ ಎಂದು ಕರೆಯುತ್ತಿದ್ದರು. ಇಂದಿನ ಬ್ಯಾಕ್‌ಗ್ಯಾಮನ್ ಅದರ ಸಂತತಿಯದು. ಪಗಡೆಯನ್ನು ಬಲ್ಲ ನಮಗೆ ಇದರ ಕ್ರಮವನ್ನು ತಿಳಿಯುವುದು ಕಷ್ಟವಲ್ಲ. ಆಡುವವರು ಇಬ್ಬರು; ಹಲಗೆಯ ಮೇಲೆ ೨೪ ಮೊನೆಗಳು; ಒಬ್ಬೊಬ್ಬನಿಗೆ ಸಾಮಾನ್ಯವಾಗಿ ೧೫ ಕಾಯಿಗಳು. ದಾಳ ಬಿದ್ದಂತೆ ಕಾಯಿ ನಡೆಯಬೇಕು. ಹಡಗಿನಲ್ಲಿ ಗಾಳದ ದಾರಗಳು, ಭಾರದ ಗುಂಡುಗಳು, ಬೆಂಡುಗಳು ಸಹ ದೊರೆತಿವೆ. ಬಿಡುವಿನಲ್ಲಿ ಮೀನು ಹಿಡಿಯುವುದೂ ಆ ನಾವಿಕರಿಗೆ ಒಂದು ವಿನೋದವಾಗಿದ್ದಿತೆಂದು ಊಹಿಸಬಹುದು. ಹಿಡಿದ ಮೀನು ಉಪ್ಪು ಹಾಕಿದ ಆಹಾರದ ಬೇಸರವನ್ನೂ ಕಳೆದಿರಬೇಕು.

ಇದರಲ್ಲಿ ವಿಶೇಷವೇನೆಂದು ಶ್ರೋತೃಗಳು ಕೇಳಬಹುದು. ಹಡಗು ಮುಳುಗುವುದಕ್ಕೆ ಕೆಲವೇ ವರ್ಷ ಮುಂಚೆ, ೧೫೪೧ರಲ್ಲಿ, ಹೆನ್ರಿಯ ಪಾರ್ಲಿಮೆಂಟು ಒಂದು ಶಾಸನವನ್ನು ಮಾಡಿದ್ದಿತು. ಕೈಕಸುಬಿನವರು, ಕೂಲಿಯವರು, ನಾವಿಕರು, ಬೆಸ್ತರು—ಇವರಾರೂ ಕ್ರಿಸ್‌ಮಸ್ ಕಾಲದಲ್ಲಿ ಹೊರತು ಟೇಬಲ್ಸ್, ದಾಳ, ಇಸ್ಪೀಟು ಮುಂತಾದುವನ್ನು ಆಡಕೂಡದೆಂದೂ, ಆಡಿದರೆ ೨೦ ಷಿಲಿಂಗ್ ದಂಡವೆಂದೂ ಅದು ವಿಧಿಸಿತು. ಸಾಮಾನ್ಯ ನಾವಿಕನಿಗೆ ಇದು ಹಲವು ತಿಂಗಳ ಸಂಬಳ. ಜನರು ಆಟಗಳಲ್ಲಿ ಮೈಮರೆತು ಬಿಲ್ವಿದ್ಯೆಯನ್ನು ಕೈಬಿಡುತ್ತಿದ್ದಾರೆಂಬುದೇ ಶಾಸನಕ್ಕೆ ಮುಖ್ಯ ಕಾರಣ. ಅತ್ತ ದೊರೆಯು ತಾನೇ ಜೂಜಿನಲ್ಲಿ ಸೋತ ಹಣದ ಲೆಕ್ಕವು ಅವನ ಖಾಸಾ ಖರ್ಚಿನ ಪುಸ್ತಕದಲ್ಲಿಯೇ ದಾಖಲಾಗಿದೆ!

ಬಡಗಿಯು ಕೈಕಸುಬಿನವನೂ ಹೌದು, ಹಡಗಿನವನೂ ಹೌದು. ಶಾಸನವು ಅವನನ್ನು ಎರಡು ಬಗೆಯಲ್ಲಿಯೂ ತಡೆಯುತ್ತಿದ್ದಿತು. ಆದರೂ ಜುಲೈ ತಿಂಗಳಿನಲ್ಲಿ, ಅದೂ ದೊರೆಯ ಸ್ವಂತ ನೌಕೆಯಲ್ಲಿ, ಹಲಗೆ ಅವನ ಕೋಣೆಯಲ್ಲಿಯೇ ಇದ್ದಿತು. ಅದೇ ಹಡಗಿನಲ್ಲಿ ನೂರಕ್ಕೂ ಹೆಚ್ಚು ಬಿಲ್ಲುಗಳೂ ಸಾವಿರಾರು ಬಾಣಗಳೂ ದೊರೆತಿವೆ. ಆದಕಾರಣ, ಆಟವಿದ್ದಲ್ಲಿ ಬಿಲ್ಲು ಉಳಿಯದೆಂಬ ಶಾಸನಕರ್ತರ ಭಯಕ್ಕೆ ಈ ಹಡಗಿನಲ್ಲಿ ಆಧಾರ ಕಾಣುವುದಿಲ್ಲ.

ಶಾಸನವನ್ನು ಮಾತ್ರ ಓದಿದವರು ಆ ಕಾಲದ ನಾವಿಕರು ಆಟವನ್ನೇ ತೊರೆದಿದ್ದರೆಂದು ಭಾವಿಸಬಹುದಾಗಿತ್ತು. ಒಂದು ಮರದ ಹಲಗೆ ಆ ಭಾವನೆಯನ್ನು ತಿದ್ದಿತು. ಅಪಾಯದ ನಡುವೆ ದಿನ ಕಳೆಯುವವರಿಗೆ ಗಳಿಗೆಯ ವಿನೋದವೂ ಅನ್ನದಷ್ಟೇ ಅಗತ್ಯವೆಂಬುದನ್ನು ಆ ಬಡಗಿ ಬರೆದಿಡಲಿಲ್ಲ. ಅವನ ಸಾಧನಗಳ ಬಳಿಯಲ್ಲಿದ್ದ ಹಲಗೆ ಅದನ್ನು ನಮಗೆ ಇಂದಿಗೂ ತಿಳಿಸುತ್ತಿದೆ.