ಹಾಲೊವೇ ಜೈಲಿನ ಬ್ರೂಚ್

ಏಳನೆಯ ತರಗತಿಯ ಹುಡುಗಿಯೊಬ್ಬಳು ಹೊಸ ಚೀಲ ಹಾಕಿಕೊಂಡು ಶಾಲೆಗೆ ಬಂದಿದ್ದಳು. ಗಲ್ಫಿನಲ್ಲಿರುವ ಮಾವ ತಂದುಕೊಟ್ಟದ್ದಂತೆ. ಗುಲಾಬಿ ಬಣ್ಣದ ಮೇಲೆ ಮಿನುಗುವ ಇಂಗ್ಲಿಷ್ ಅಕ್ಷರಗಳಲ್ಲಿ 'ಗರ್ಲ್ ಪವರ್' ಎಂದಿತ್ತು. "ಹೀಗೆಂದರೆ ಏನು ಟೀಚರ್?" ಎಂದು ಕೇಳಿದಳು. 'ಹೆಣ್ಣುಮಕ್ಕಳ ಶಕ್ತಿ' ಎಂದು ಕನ್ನಡದಲ್ಲಿ ಹೇಳಿದೆವು. "ಅದನ್ನು ಚೀಲದಲ್ಲಿ ಯಾಕೆ ಬರೆಯುವುದು?" ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ಮಾತ್ರ ನೂರು ವರ್ಷಕ್ಕಿಂತಲೂ ಹಿಂದೆ ಹೋಗಬೇಕಾಯಿತು.

ಆಗ ಇಂಗ್ಲೆಂಡಿನ ಹೆಂಗಸರಿಗೆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಇರಲಿಲ್ಲ. ಎಮಲಿನ್ ಪ್ಯಾಂಕ್‌ಹರ್ಸ್ಟ್ 1903ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅದಕ್ಕಾಗಿಯೇ ಒಂದು ಸಂಘ ಕಟ್ಟಿದರು. 1908ರಲ್ಲಿ ಆ ಸಂಘಕ್ಕೆ ಮೂರು ಬಣ್ಣಗಳನ್ನು ಆರಿಸಿದವರು ಎಮಲಿನ್ ಪೆಥಿಕ್ ಲಾರೆನ್ಸ್. ನೇರಳೆ ಘನತೆಗೆ, ಬಿಳಿ ಪರಿಶುದ್ಧತೆಗೆ, ಹಸಿರು ಭರವಸೆಗೆ. ಅದೇ ವರ್ಷ ಜೂನ್ 21ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಲಕ್ಷಗಟ್ಟಲೆ ಜನ ಸೇರಿದಾಗ ಎಲ್ಲಿ ನೋಡಿದರೂ ಇವೇ ಬಣ್ಣಗಳು.

ಸಂಘದ ಅಂಗಡಿಗಳಲ್ಲಿ ಬ್ಯಾಡ್ಜು, ಶಾಲು ಮಾತ್ರವಲ್ಲ, ಚಹಾಪುಡಿಯೂ ಸಿಗುತ್ತಿತ್ತು. ಆ ಹಣ ಹೋರಾಟದ ಖರ್ಚಿಗೆ. 1909ರಲ್ಲಿ ಮಕ್ಕಳೂ ಆಡಬಹುದಾದ ಒಂದು ಆಟದ ಹಲಗೆ ಬಂತು. ನಮ್ಮ ಹಾವು ಏಣಿಯ ಹಾಗೆ ದಾಳ ಹಾಕುತ್ತಾ ಒಬ್ಬ ಹೆಂಗಸನ್ನು ಅವಳ ಮನೆಯಿಂದ ಪಾರ್ಲಿಮೆಂಟಿನವರೆಗೆ ನಡೆಸಬೇಕು. ದಾರಿಯಲ್ಲಿ ಪೊಲೀಸರಿದ್ದಾರೆ, ಜೈಲಿದೆ. (ಇದನ್ನು ಕೇಳಿ ನಮ್ಮ ತರಗತಿಯ ಹುಡುಗರಿಗೇ ಹೆಚ್ಚು ಉತ್ಸಾಹ ಬಂತು!) ದೊಡ್ಡ ಆಭರಣದ ಅಂಗಡಿಗಳೂ ಸುಮ್ಮನಿರಲಿಲ್ಲ, ಮೂರು ಬಣ್ಣದ ಕಲ್ಲು ಕೂರಿಸಿ ಮಾರಿದವು. ಅಂದಿನ ಕಾಲದ ಇಂಥ ಆಭರಣ ಸಿಕ್ಕರೆ ಸಾಕು, ಇದು ಹೋರಾಟಗಾರ್ತಿಯದ್ದು ಎಂದು ಹೇಳಿ ಬೆಲೆ ಏರಿಸುವ ವ್ಯಾಪಾರಿಗಳಿದ್ದಾರೆ. ಎಷ್ಟೋ ಆಭರಣಗಳು ಆ ಕಾಲದ ಬರಿಯ ಫ್ಯಾಶನ್.

ಆದರೆ ಹಣ ಕೊಟ್ಟರೂ ಅಂಗಡಿಯಲ್ಲಿ ಸಿಗದ ಒಂದು ಒಡವೆ ಇತ್ತು. ಎಮಲಿನ್ ಅವರ ಮಗಳು ಸಿಲ್ವಿಯಾ ಚಿತ್ರಕಲೆ ಕಲಿತವರು, 1906ರಲ್ಲಿ ಸ್ವತಃ ಲಂಡನ್ನಿನ ಹಾಲೊವೇ ಜೈಲು ಕಂಡವರು. ಅವರು ಒಂದು ಪುಟ್ಟ ಬ್ರೂಚ್ ರಚಿಸಿದರು. ಅದರ ಆಕಾರ ಕೋಟೆಬಾಗಿಲಿಗೆ ಮೇಲಿನಿಂದ ಇಳಿಬಿಡುವ ಕಬ್ಬಿಣದ ಜಾಲರಿಯದ್ದು. ಅದು ಬ್ರಿಟಿಷ್ ಪಾರ್ಲಿಮೆಂಟಿನ ಲಾಂಛನ. ನಡುವೆ ಮೂರು ಬಣ್ಣಗಳಲ್ಲಿ ಒಂದು ಅಗಲ ಬಾಣ. ಅದು ಕೈದಿಗಳ ಬಟ್ಟೆಯ ಮೇಲೆ ಒತ್ತುತ್ತಿದ್ದ ಸರಕಾರದ ಗುರುತು. ಅವಮಾನಕ್ಕೆಂದು ಹಾಕಿದ ಗುರುತನ್ನೇ ಎದೆಯ ಮೇಲಿನ ಒಡವೆ ಮಾಡಿಕೊಂಡರು ನೋಡಿ! 1909ರ ಎಪ್ರಿಲಿನಿಂದ, ಜೈಲಿಗೆ ಹೋಗಿ ಬಂದವರಿಗೆ ಮಾತ್ರ ಇದನ್ನು ಕೊಡುತ್ತಿದ್ದರು. ಅದೇ ವರ್ಷ ಉಪವಾಸ ಮಾಡಿದವರಿಗೆ 'ಶೌರ್ಯಕ್ಕಾಗಿ' ಎಂದು ಕೆತ್ತಿದ ಪದಕವೂ ಬಂತು. ಅಮೆರಿಕದ ಆಲಿಸ್ ಪಾಲ್ ಕೂಡ ಹಾಲೊವೇಯಲ್ಲಿ ಸೆರೆಯಲ್ಲಿದ್ದವರು. ತಮ್ಮ ದೇಶದಲ್ಲಿ ಜೈಲು ಸೇರಿದ ಹೆಂಗಸರಿಗೆ 1917ರಲ್ಲಿ ಅವರ ಸಂಘ ಜೈಲಿನ ಬಾಗಿಲಿನ ಆಕಾರದ ಬೆಳ್ಳಿಯ ಪಿನ್ನು ಕೊಟ್ಟಿತು.

ಇದೆಲ್ಲ ಎಲ್ಲಿಯದೋ ಕತೆ ಎಂದು ಮಕ್ಕಳಿಗೆ ಅನಿಸಬಾರದಲ್ಲ. 1910ರಲ್ಲಿ ಅದೇ ಹಾಲೊವೇ ಜೈಲಿನಲ್ಲಿ ಒಂದು ತಿಂಗಳು ಕಳೆದವರಲ್ಲಿ ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ ಒಬ್ಬರು. ಅವರು 1915ರಲ್ಲಿ ಭಾರತಕ್ಕೆ ಬಂದರು. 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಗೆ ಮೊದಲ ಮುಖ್ಯಸ್ಥೆಯಾಗಿದ್ದರು. ನಮ್ಮ ಕಾಸರಗೋಡಿನಿಂದ ಒಂದೆರಡು ಗಂಟೆಯ ದಾರಿ! ಇಲ್ಲಿಯ ಹೆಂಗಸರ ಮತದಾನದ ಹಕ್ಕಿಗಾಗಿಯೂ ಅವರು ದುಡಿದರು. 1921ರಲ್ಲಿ ಮದ್ರಾಸ್ ಪ್ರಾಂತ ಆ ಹಕ್ಕನ್ನು ಕೊಟ್ಟಿತು. ಆಸ್ತಿ ಇದ್ದವರಿಗೆ ಮಾತ್ರ ಎಂಬ ನಿಬಂಧನೆ ಇದ್ದುದರಿಂದ ಮತ ಸಿಕ್ಕಿದ್ದು ಕೆಲವರಿಗಷ್ಟೇ. ಆದರೂ ಆಗ ದಕ್ಷಿಣ ಕನ್ನಡ ಜಿಲ್ಲೆಗೆ, ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಕಾಸರಗೋಡಿಗೂ ಅದು ಅನ್ವಯಿಸಿತು. ಇಂಗ್ಲೆಂಡಿನ ಹೆಂಗಸರು ಗಂಡಸರಿಗೆ ಸಮನಾಗಿ ಮತ ಪಡೆದದ್ದು 1928ರಲ್ಲಿ. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತರು. ನಿಲ್ಲಿ ಎಂದು ಹುರಿದುಂಬಿಸಿದವರು ಇದೇ ಕಸಿನ್ಸ್.

ಇಷ್ಟು ಹೇಳಿದ ಮೇಲೆ ನಮಗೇ ಒಂದು ನಾಚಿಕೆ ಉಳಿಯಿತು. ಒಂದು ವರ್ಷದ ವಾರ್ಷಿಕೋತ್ಸವದಲ್ಲಿ ಹುಡುಗರಿಗೆ ಜ್ಯಾಮಿತಿ ಪೆಟ್ಟಿಗೆ, ಹುಡುಗಿಯರಿಗೆ ಬಳೆ, ಕ್ಲಿಪ್ಪು ಬಹುಮಾನ ಕೊಟ್ಟಿದ್ದೆವು. ಪೇಟೆಗೆ ಹೋಗಿ ತಂದವರು ನಾವೇ. ಲೆಕ್ಕದಲ್ಲಿ ಮೊದಲು ಬಂದವಳೂ ಕ್ಲಿಪ್ಪು ಹಿಡಿದುಕೊಂಡು ಹೋದಳು. ಹತ್ತನೆಯ ತರಗತಿ ಮುಗಿದ ಮೇಲೆ ದೂರದ ಊರಿಗೆ ಮಗಳನ್ನು ಕಳುಹಿಸಲು ಹಿಂಜರಿಯುವ ಮನೆಗಳನ್ನು ಕಂಡ ನಾವು, ಅವಳಿಗೆ ಕೊಡಬೇಕಾದದ್ದು ಅದೇ ಆಗಿತ್ತೇ?

ಮರುದಿನ ರಟ್ಟು, ಬಣ್ಣ ಕೊಟ್ಟು, "ನೀವು ಏನು ಮಾಡಿ ಗೆದ್ದಿದ್ದೀರೋ ಅದರ ಬ್ಯಾಡ್ಜು ಮಾಡಿ" ಎಂದೆವು. ಒಬ್ಬಳು ಸೈಕಲು ಬರೆದಳು. ಗುಲಾಬಿ ಚೀಲದ ಹುಡುಗಿ ತುಂಬ ಹೊತ್ತು ಯೋಚಿಸಿ ಅಡಿಕೆಮರದ ಸಂಕ ಬರೆದಳು, ಕೆಳಗೆ ಕೆಂಪು ನೀರು. ಮಳೆಗಾಲದಲ್ಲಿ ತಮ್ಮನ ಕೈ ಹಿಡಿದು ಅವಳು ದಿನವೂ ದಾಟಿ ಬರುವ ಸಂಕ ಅದು. ಪಿನ್ನು ಚುಚ್ಚಿ ಅದನ್ನು ಚೀಲದ ಅಕ್ಷರಗಳ ಮೇಲೆಯೇ ಸಿಕ್ಕಿಸಿಕೊಂಡಳು.