ಪತ್ತು, ಹುಂಡಿ, ಐದು ನಕ್ಷತ್ರ: ಸೊಲ್ಲಾಪುರ ಸೀಮೆಯ ಹೆಸರಿನ ವ್ಯಾಪಾರ

ಧ್ವನಿ ಕೇಳಸ್ತಾ ಇದೆ ಅಂದುಕೊಂಡು ಶುರು ಮಾಡ್ತೀನಿ. ನಾನು ಅಕ್ಕಲಕೋಟ ತಾಲೂಕಿನವಳು. ಸೊಲ್ಲಾಪುರ ಚಾದರಕ್ಕೆ ಭೌಗೋಳಿಕ ಸೂಚಕ ಸಿಕ್ಕಿರುವುದು ನಿಮಗೆ ಗೊತ್ತು. ಅದು ಊರಿನ ಹೆಸರು. ನನ್ನ ವಿಷಯ ಒಬ್ಬೊಬ್ಬರ ಹೆಸರು. ಮುಖ ನೋಡದ ಗಿರಾಕಿ ಆನ್‌ಲೈನಿನಲ್ಲಿ ಯಾರನ್ನ ನಂಬಿ ಮುಂಗಡ ಕೊಡ್ತಾನೆ ಅನ್ನುವುದು.

ಈ ನಂಬಿಕೆಗೆ ನಮ್ಮ ಕಡೆ ಹಳೆಯ ಶಬ್ದವೊಂದಿದೆ: ಪತ್ತು. ಮರಾಠಿಯಲ್ಲಿ ಪತ. ಗಡಿಯ ಈಚೆ ಪತಸಂಸ್ಥೆ, ಆಚೆ ಪತ್ತಿನ ಸಹಕಾರಿ ಸಂಘ. ಸಾಲ ಮತ್ತು ಮರ್ಯಾದೆ ಎರಡಕ್ಕೂ ಒಂದೇ ಮಾತು.

ಹುಂಡಿಯನ್ನೇ ನೋಡಿ. ದೂರದೂರಿನ ಪೇಟೆಗೆ ರೊಕ್ಕ ಹೊತ್ತೊಯ್ಯುವ ಬದಲು ಚೀಟಿ ಹೋಗುತ್ತಿತ್ತು. ಅದರಲ್ಲಿ ಶಾಹಜೋಗ ಹುಂಡಿ ಅಂತ ಒಂದು ಬಗೆ. ಅದರ ಹಣ ಪೇಟೆಯಲ್ಲಿ ‘ಶಾಹ’ ಅನಿಸಿಕೊಂಡವನ ಕೈಗೇ ಸಲ್ಲಬೇಕು. ಹುಂಡಿ ಕಳುವಿನದೋ ಖೋಟಾವೋ ಆಗಿದ್ದರೆ ಹಣ ಪಡೆದ ಶಾಹನೇ ತಿರುಗಿ ಕೊಡಬೇಕು. ಶಾಹ ಅಲ್ಲದವನಿಗೆ ಕೊಟ್ಟುಬಿಟ್ಟರೆ ಕೊಟ್ಟವನೇ ಹೊಣೆ. ಶಾಹ ಯಾರು ಅಂತ ಸರಕಾರ ಪಟ್ಟಿ ಮಾಡಿರಲಿಲ್ಲ, ಪೇಟೆಗೆ ಗೊತ್ತಿರುತ್ತಿತ್ತು. ಅಂದರೆ ಹೆಸರು ಇದ್ದವನು ಆ ಹೆಸರಿಗೆ ಬೆಲೆ ತೆರಲಿಕ್ಕೂ ತಯಾರಿರಬೇಕಿತ್ತು. ನನ್ನ ಇಡೀ ವಾದ ನಿಂತಿರೋದು ಇಲ್ಲೇ.

1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಇದೇ ತರ್ಕವನ್ನು ಹಳ್ಳಿಗೆ ತಂದಿತು. ಮರುವರ್ಷ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಸಂಘ ಹುಟ್ಟಿತು. ಆಗ ಗದಗವೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತ. ಗ್ರಾಮೀಣ ಸಂಘಗಳದ್ದು ಅಪರಿಮಿತ ಹೊಣೆ. ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಹೊಲಮನೆಗೂ ಬಿಸಿ ತಟ್ಟೋದು. ಹಂಗಾಗಿ ಸಾಲ ಕೇಳಿದವನ ನಡತೆಯನ್ನ ಊರೇ ತೂಗಿ ನೋಡುತ್ತಿತ್ತು. ಆದರೆ ಇದನ್ನ ಬಂಗಾರದ ಕಾಲ ಅಂತ ನಾನು ಒಪ್ಪೋದಿಲ್ಲ. ಒಂದೇ ಊರು, ಇಲ್ಲವೇ ಒಂದೇ ಜಾತಿ, ಪಂಗಡದವರು ಸೇರಬಹುದು ಅಂತ ಕಾಯ್ದೆಯೇ ಹೇಳಿತ್ತು. ಪೇಟೆಯಲ್ಲಂತೂ ಹೆಣ್ಣುಮಕ್ಕಳ ಪತ್ತು ಗಂಡನ ಅಥವಾ ಮನೆತನದ ಹೆಸರಲ್ಲೇ ಇರೋದು ಹೆಚ್ಚು.

ನಮ್ಮ ಚಿಗವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಮಾಡಿ ಫೋನಿನ ಮೇಲೆ ಆರ್ಡರ್ ತಗೊಂಡು ಕೊರಿಯರ್ ಮಾಡ್ತಾಳೆ. ಡಬ್ಬಿಯ ಮೇಲೆ ಅವಳ ಸ್ವಂತ ಹೆಸರಿದೆ, ಮರಾಠಿಯಲ್ಲಿ. ಗಿರಾಕಿ ಪುಣೆ ಕಡೆಯವರು ಜಾಸ್ತಿ. ಅವಳು ಹೆಸರು ಕಟ್ಟಿದ ರೀತಿ ಸರಳ. ಕುಟ್ಟಿದ ತಾರೀಖು ಬರೀತಾಳೆ. ಆಹಾರ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಹಾಕ್ತಾಳೆ. ಶೇಂಗಾ ಸರಿ ಬರದಿದ್ದರೆ “ಈ ವಾರ ಹಿಂಡಿ ಇಲ್ರಿ” ಅಂತ ಮೊದಲೇ ತಿಳಸ್ತಾಳೆ. ದಾರಿಯಲ್ಲಿ ರೊಟ್ಟಿ ಪುಡಿಯಾದರೆ ಕೇಳದೆ ಮತ್ತೆ ಕಳಸ್ತಾಳೆ. ನಷ್ಟ ಆಗಂಗಿಲ್ಲೇನು ಅಂದರೆ, “ರೊಟ್ಟಿ ಮುರದ್ರ ಮತ್ತ ಬಡೀಬಹುದು” ಅಂತಾಳೆ. ಹುಂಡಿಯ ಶಾಹನೂ ಇದನ್ನೇ ಮಾಡುತ್ತಿದ್ದ ಅಂತ ಅವಳಿಗೆ ಹೇಳಿದೆ, ನಕ್ಕಳು.

ಆನ್‌ಲೈನ್ ಮಾರುಕಟ್ಟೆಯ ನಕ್ಷತ್ರಗಳು ಬೇರೆ ಜಾತಿಯವು. ಐದು ಕೊಟ್ಟವನಿಗೂ ಒಂದು ಕೊಟ್ಟವನಿಗೂ ಕಳಕೊಳ್ಳುವುದು ಏನೂ ಇಲ್ಲ. ಮಾರುವವನೇ ಗಿರಾಕಿಯ ವೇಷದಲ್ಲಿ ವಿಮರ್ಶೆ ಬರೆಯಬಾರದು ಅಂತ 2020ರ ಇ-ವಾಣಿಜ್ಯ ನಿಯಮಗಳಲ್ಲಿ ಹೇಳಬೇಕಾಗಿ ಬಂತು. ಇನ್ನೊಂದು: ಆ ನಕ್ಷತ್ರ ಅದೇ ಕಂಪನಿಯ ಅಂಗಳದಲ್ಲಿ ಮಾತ್ರ ನಡೆಯೋ ನಾಣ್ಯ, ಖಾತೆ ಮುಚ್ಚಿದರೆ ಗಳಿಸಿದ್ದೂ ಹೋಯ್ತು. ಆದರೂ ಚಿಗವ್ವನಿಗೆ ಮೊದಲ ಸಲ ತನ್ನದೇ ಪತ್ತು ಸಿಕ್ಕಿದ್ದು ಹಳೇ ಪೇಟೆಯಲ್ಲಲ್ಲ, ಈ ಫೋನಿನಲ್ಲೇ. ಎರಡನ್ನೂ ಕೂಡಿಸಿ ಓದದ ಇತಿಹಾಸ ಅರ್ಧದ್ದು ಅನ್ನೋದು ನನ್ನ ಅಭಿಪ್ರಾಯ.

ಗಿರಾಕಿಗಳ ವಿವರವನ್ನ ಅವಳು ಫೋನಿಗೆ ಬಿಟ್ಟಿಲ್ಲ. ಉದ್ರಿ ವಹಿಯಲ್ಲಿ ಬರಕೊಂಡಿದ್ದಾಳೆ: ವಿಳಾಸ ಮರಾಠಿಯಲ್ಲಿ, ಪಕ್ಕದ ಟಿಪ್ಪಣಿ ಕನ್ನಡದಲ್ಲಿ, ‘ಖಾರ ಕಡಿಮಿ’, ‘ರೊಕ್ಕ ತಡಾ ಆದ್ರೂ ಕೊಡ್ತಾರ’. ಹೆಸರು ಮರೆಮಾಡಿ ಎರಡು ಪುಟ ತೆರೆಯ ಮೇಲೆ ಹಾಕ್ತೀನಿ, ನೋಡ್ರಿ.