ಬೆಂಕಿಪುರದ ಕುಲುಮೆ, ಬೆಂಗಳೂರಿನ ರೆಕ್ಕೆ

ಶಿವಮೊಗ್ಗದ ಹೊರವಲಯದ ಸೋಗಾನೆಯಲ್ಲಿ 2023ರ ಫೆಬ್ರುವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅದು ಎರಡು ಪ್ರೊಪೆಲರ್‌ಗಳ ಎಟಿಆರ್ ವಿಮಾನ. ಅಂಥ ವಿಮಾನದ ಮೆಟ್ಟಿಲು ಹತ್ತುವಾಗ ಬಾಗಿಲ ಪಕ್ಕದ ಮೈಯನ್ನು ಹತ್ತಿರದಿಂದ ನೋಡಿದವರಿಗೆ ಸಣ್ಣ ಸಣ್ಣ ಚುಕ್ಕೆಗಳ ಸಾಲು ಕಾಣುತ್ತದೆ, ದರ್ಜಿಯ ಹೊಲಿಗೆಯ ಹಾಗೆ ಅಳತೆ ತಪ್ಪದೆ ಸಾಗಿರುತ್ತದೆ. ಆ ಒಂದೊಂದು ಚುಕ್ಕೆಯೂ ಒಂದು ರಿವೆಟ್. ಬಾಣಲೆಗೆ ಹಿಡಿಯನ್ನು ಕಚ್ಚಿಸುವ ಅದೇ ಉಪಾಯ ವಿಮಾನದ ಮೈಯನ್ನೂ ಹಿಡಿದಿಟ್ಟಿದೆ.

ಈ ಸಾಲಿನ ಹಿಂದೆ ಒಂದು ಚರಿತ್ರೆಯಿದೆ. ಅದರ ಒಂದು ತುದಿ ಸೋಗಾನೆಯಿಂದ ಹೆಚ್ಚು ದೂರವಿಲ್ಲದ ಭದ್ರಾವತಿಯಲ್ಲಿದ್ದರೆ ಇನ್ನೊಂದು ತುದಿ ಯೂರೋಪು, ಅಮೆರಿಕಗಳಲ್ಲಿ ಮನೆಯ ಕಾರ್ ಷೆಡ್ಡಿನಲ್ಲೇ ಸ್ವಂತ ವಿಮಾನ ಕಟ್ಟುವ ಹವ್ಯಾಸಿಗಳ ಕೈಯಲ್ಲಿದೆ. ಮನೆಯಲ್ಲಿ ವಿಮಾನ ಕಟ್ಟುವುದೆಂದರೆ ನಮ್ಮಲ್ಲಿ ಹುಚ್ಚು ಸಾಹಸವೆಂದೇ ಎಣಿಕೆ. ಅಲ್ಲಿ ಅದು ಶಿಸ್ತಿನ ಹವ್ಯಾಸ. ಕಬ್ಬಿಣದ ಕಾರ್ಖಾನೆಯೂ ವಿಮಾನದ ಕಾರ್ಖಾನೆಯೂ ಇದ್ದ ನಮ್ಮ ನಾಡಿನಲ್ಲಿ ಈ ಹವ್ಯಾಸ ಯಾಕೆ ಬೇರೂರಲಿಲ್ಲ ಎಂಬುದು ಯೋಚಿಸಬೇಕಾದ ಪ್ರಶ್ನೆ.

ಬೆಂಕಿಪುರದ ದಿನಗಳು

ಭದ್ರಾವತಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಅಲ್ಲಿ ಕೆಲಸ ಆರಂಭಿಸಿದ್ದು 1923ರ ಜನವರಿಯಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಮರದಿಂದ ಸುಟ್ಟ ಇದ್ದಿಲು, ಪಕ್ಕದಲ್ಲೇ ಹರಿಯುವ ಭದ್ರೆಯ ನೀರು ಈ ಕಾರ್ಖಾನೆಯ ಬಂಡವಾಳ. 1912ರಿಂದ 1918ರವರೆಗೆ ದಿವಾನರಾಗಿದ್ದಾಗ ಇದಕ್ಕಾಗಿ ಹೋರಾಡಿದ ಸರ್ ಎಂ. ವಿಶ್ವೇಶ್ವರಯ್ಯನವರೇ 1923ರಲ್ಲಿ ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು, ನಷ್ಟದಲ್ಲಿದ್ದ ಕಾರ್ಖಾನೆಯನ್ನು ನಿಲ್ಲಿಸುವ ಹೊಣೆ ಹೊತ್ತರು.

ಆ ಕಾಲಕ್ಕೆ ವಿದ್ಯುತ್ ಬೆಸುಗೆ, ಎಂದರೆ ವೆಲ್ಡಿಂಗ್, ಭಾರೀ ಕೆಲಸಗಳಲ್ಲಿ ಇನ್ನೂ ರೂಢಿಗೆ ಬಂದಿರಲಿಲ್ಲ. ಜಗತ್ತಿನ ಎಲ್ಲೆಡೆ ಊದುಕುಲುಮೆಯ ಕವಚ, ಬಾಯ್ಲರ್, ಕ್ರೇನು, ಸೇತುವೆಯ ತೊಲೆ ಇವೆಲ್ಲ ರಿವೆಟ್ಟಿನಿಂದಲೇ ಕೂಡುತ್ತಿದ್ದವು. ಕಬ್ಬಿಣದ ರಿವೆಟ್ಟನ್ನು ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಹಿಡಿದು ತೂತಿಗೆ ತೂರಿಸಿ, ಇನ್ನೊಂದು ಬದಿಯಿಂದ ಬಡಿದು ತಲೆ ಕಟ್ಟುತ್ತಾರೆ. ಆರುತ್ತ ಬಂದಂತೆ ಅದು ಕುಗ್ಗಿ ಎರಡೂ ತಗಡುಗಳನ್ನು ಬಿಗಿಯಾಗಿ ಒತ್ತಿಕೊಳ್ಳುತ್ತದೆ. ಕಾಯಿಸುವವರು, ಹಿಡಿಯುವವರು, ಬಡಿಯುವವರು ಒಂದೇ ಲಯದಲ್ಲಿ ದುಡಿಯಬೇಕು. ಒಬ್ಬರು ತಡಮಾಡಿದರೂ ರಿವೆಟ್ ತಣ್ಣಗಾಗಿ ಜೋಡಣೆ ಸಡಿಲವಾಗುತ್ತದೆ.

ಕಾರಿನ ಕನಸಿನಿಂದ ವಿಮಾನಕ್ಕೆ

ಭದ್ರಾವತಿಯ ನಂತರ ವಿಶ್ವೇಶ್ವರಯ್ಯನವರ ಮನಸ್ಸು ಮೋಟಾರು ಕಾರಿನತ್ತ ಹರಿಯಿತು. 1930ರ ದಶಕದ ಮಧ್ಯದಲ್ಲಿ ಅವರು ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡವರಲ್ಲಿ ಮುಖ್ಯರು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರದ ಪ್ರೋತ್ಸಾಹ ಸಿಗದೆ ಕಾರಿನ ಯೋಜನೆ ಕುಂಟಿತು. ಇದೇ ಓಡಾಟದ ನಡುವೆ, 1939ರಲ್ಲಿ, ವಿಮಾನ ಪ್ರಯಾಣವೊಂದರಲ್ಲಿ ವಾಲ್‌ಚಂದರಿಗೆ ಅಮೆರಿಕದ ವಿಲಿಯಂ ಪಾಲಿ ಭೇಟಿಯಾದರು. ಪಾಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವರು. ಮಾತು ಕಾರಿನಿಂದ ವಿಮಾನಕ್ಕೆ ಹೊರಳಿತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಮೈಸೂರು ಸರ್ಕಾರ ಜಾಗ ಕೊಟ್ಟು ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು.

ಮರುವರ್ಷವೇ ಅಲ್ಲಿ ಹಾರ್ಲೊ ಎಂಬ ತರಬೇತಿ ವಿಮಾನ ಸಿದ್ಧವಾಗಿ ಹಾರಿತು. ಅದು ಪೂರ್ತಿ ಲೋಹದ, ರಿವೆಟ್ ಹಾಕಿದ ವಿಮಾನ. ನಕ್ಷೆ ಅಮೆರಿಕದ್ದು, ಕೈಗಳು ನಮ್ಮವು. ಹತ್ತು ವರ್ಷ ಕಳೆಯುವಷ್ಟರಲ್ಲಿ ನಕ್ಷೆಯೂ ನಮ್ಮದಾಯಿತು. ಜರ್ಮನಿಯಲ್ಲಿ ಓದಿ ಬಂದಿದ್ದ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ–2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು. ಅದೂ ಲೋಹದ ಮೈಯದೇ. ಭದ್ರಾವತಿಯ ಕುಲುಮೆ ಉರಿದು ಮೂವತ್ತು ವರ್ಷ ತುಂಬುವ ಮೊದಲೇ ಕನ್ನಡ ನಾಡಿನಲ್ಲಿ ಸ್ವಂತ ನಕ್ಷೆಯ ವಿಮಾನ ತಯಾರಾಗಿತ್ತು ಎಂಬುದು ಗಮನಾರ್ಹ.

ವೆಲ್ಡಿಂಗ್ ಯಾಕೆ ಬೇಡ?

ಕಾರ್ಖಾನೆಗಳಲ್ಲಿ ವೆಲ್ಡಿಂಗ್ ಬಂದು ರಿವೆಟ್ಟನ್ನು ಮೂಲೆಗೆ ತಳ್ಳಿತು. ವಿಮಾನದಲ್ಲಿ ಮಾತ್ರ ಹಾಗಾಗಲಿಲ್ಲ. ಇದಕ್ಕೆ ಕಾರಣ ಅಲ್ಯುಮಿನಿಯಂನ ಸ್ವಭಾವ. ಶುದ್ಧ ಅಲ್ಯುಮಿನಿಯಂ ಮೆದು. ಅದಕ್ಕೆ ಸ್ವಲ್ಪ ತಾಮ್ರ ಮುಂತಾದುವನ್ನು ಬೆರೆಸಿ, ಕಾಯಿಸಿ, ತಟ್ಟನೆ ತಣಿಸಿ ಇಟ್ಟರೆ ದಿನ ಕಳೆದಂತೆ ತಾನೇ ಗಟ್ಟಿಯಾಗುತ್ತದೆ. ಇದನ್ನು ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರ ಸುಮಾರಿಗೆ ಕಂಡುಕೊಂಡರು. ಡ್ಯೂರಾಲುಮಿನ್ ಎಂಬ ಹೆಸರಿನ ಈ ಮಿಶ್ರಲೋಹವೇ ವಿಮಾನಕ್ಕೆ ಲೋಹದ ಮೈ ಕೊಟ್ಟಿತು. ಆದರೆ ಇಂಥ ತಗಡಿಗೆ ವೆಲ್ಡಿಂಗ್ ಶಾಖ ತಗುಲಿದರೆ ಗಳಿಸಿದ ಗಟ್ಟಿತನವೆಲ್ಲ ಆ ಜಾಗದಲ್ಲಿ ಇಳಿದುಹೋಗುತ್ತದೆ. ಆದ್ದರಿಂದ ಇಲ್ಲಿ ರಿವೆಟ್ಟನ್ನು ಕಾಯಿಸದೆ, ತಣ್ಣಗೇ ಬಡಿಯುತ್ತಾರೆ.

ಕೆಲವು ಗಟ್ಟಿ ರಿವೆಟ್‌ಗಳದ್ದು ಇನ್ನೂ ವಿಚಿತ್ರ. ಕಾಯಿಸಿ ತಣಿಸಿದ ಮೇಲೆ ಅವನ್ನು ಶೀತಪೆಟ್ಟಿಗೆಯಲ್ಲಿ ಇಡಬೇಕು. ಹೊರಗೆ ತೆಗೆದ ಕೆಲವೇ ನಿಮಿಷಗಳಲ್ಲಿ ಬಡಿದು ಮುಗಿಸಬೇಕು. ಇಲ್ಲವಾದರೆ ಅವು ಗಟ್ಟಿಯಾಗಿ, ಬಡಿದರೆ ಬಿರುಕು ಬಿಡುತ್ತವೆ. ಹವ್ಯಾಸಿಗಳು ಸಾಮಾನ್ಯವಾಗಿ ಬಳಸುವುದು ಈ ಉಪದ್ರವವಿಲ್ಲದ, ಇನ್ನಷ್ಟು ಮೆದುವಾದ ರಿವೆಟ್‌ಗಳನ್ನು.

ಒಂದು ರಿವೆಟ್ಟಿನ ಲೆಕ್ಕ

ಹಗುರ ವಿಮಾನದಲ್ಲಿ ತುಂಬ ಬಳಕೆಯಾಗುವ ಒಂದು ರಿವೆಟ್ಟಿನ ದಪ್ಪ ಇಂಚಿನ ಎಂಟನೇ ಒಂದು ಭಾಗ, ಎಂದರೆ ಸುಮಾರು 3.2 ಮಿಲಿಮೀಟರ್. ಮುಂದಿನ ಲೆಕ್ಕವೆಲ್ಲ ಈ ದಪ್ಪದಿಂದಲೇ ಹುಟ್ಟುತ್ತದೆ. ತಗಡಿನ ಅಂಚಿಗೂ ತೂತಿನ ನಡುವಿಗೂ ಕನಿಷ್ಠ ಇದರ ಎರಡರಷ್ಟು ದೂರ ಇರಬೇಕು. ಕಡಿಮೆಯಾದರೆ ಅಂಚು ಹರಿಯುತ್ತದೆ. ಎರಡು ರಿವೆಟ್‌ಗಳ ನಡುವೆ ಕನಿಷ್ಠ ಮೂರರಷ್ಟು ಅಂತರ ಬೇಕು. ತಗಡುಗಳ ಇನ್ನೊಂದು ಬದಿಗೆ ರಿವೆಟ್ ಒಂದೂವರೆಯಷ್ಟು, ಸುಮಾರು 4.8 ಮಿಲಿಮೀಟರ್, ಚಾಚಿರಬೇಕು. ಬಡಿದಾಗ ಮೂಡುವ ತಲೆಯ ಅಗಲವೂ ಅಷ್ಟೇ, ಎತ್ತರ ಅರ್ಧದಷ್ಟು. ಇದಕ್ಕಿಂತ ಕಡಿಮೆ ಬಡಿದರೆ ಸಡಿಲ, ಹೆಚ್ಚು ಬಡಿದರೆ ಬಿರುಕು.

ಕೆಲಸಕ್ಕೆ ಸಾಮಾನ್ಯವಾಗಿ ಇಬ್ಬರು ಬೇಕು. ಹೊರಗಿನವರು ಗಾಳಿಯ ಒತ್ತಡದಿಂದ ಬಡಿಯುವ ಗನ್ ಹಿಡಿಯುತ್ತಾರೆ. ಒಳಗಿನವರು ಉಕ್ಕಿನ ಗಟ್ಟಿಯೊಂದನ್ನು ರಿವೆಟ್ಟಿನ ಬಾಲಕ್ಕೆ ನೇರವಾಗಿ ಒತ್ತಿ ಹಿಡಿಯುತ್ತಾರೆ. ಗಟ್ಟಿ ಕೊಂಚ ವಾಲಿದರೂ ತಲೆ ಸೊಟ್ಟಗಾಗುತ್ತದೆ. ಹಾಗಾದ ರಿವೆಟ್ಟನ್ನು ತೂತು ಹಿಗ್ಗದಂತೆ ಕೊರೆದು ತೆಗೆದು ಹೊಸದು ಹಾಕಬೇಕು. ಒಬ್ಬರೇ ಹಾಕಬಹುದಾದ, ಒಂದೇ ಬದಿಯಿಂದ ಎಳೆದು ಬಿಗಿಸುವ ರಿವೆಟ್‌ಗಳೂ ಇವೆ. ಹಲವು ಹಗುರ ವಿಮಾನಗಳು ಅವುಗಳಿಂದಲೇ ಕೂಡುತ್ತವೆ.

ಇಷ್ಟಾದರೂ ಬಡಿಯುವುದು ಕೊನೆಯ ಕೆಲಸ. ಹೆಚ್ಚಿನ ಹೊತ್ತು ಹಿಡಿಯುವುದು ತೂತಿನ ಆರೈಕೆ: ಅಳೆದು ಕೊರೆಯುವುದು, ತಗಡುಗಳನ್ನು ತಾತ್ಕಾಲಿಕ ಕೊಂಡಿಗಳಿಂದ ಹಿಡಿಸಿ ನೋಡುವುದು, ಮತ್ತೆ ಬಿಚ್ಚುವುದು, ತೂತಿನ ಅಂಚಿನ ಸಿಬಿರನ್ನು ಒರೆಸಿ ನುಣುಪು ಮಾಡುವುದು, ತುಕ್ಕು ತಡೆಯುವ ಬಣ್ಣ ಬಳಿಯುವುದು. ಸಿಬಿರು ಉಳಿದ ತೂತಿನಿಂದ ಬಿರುಕು ಹೊರಡಬಹುದು. ಎರಡು ಆಸನಗಳ ಸಣ್ಣ ವಿಮಾನವೊಂದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್ ಬೇಕಾಗುತ್ತವೆ ಎಂದರೆ ಈ ತಾಳ್ಮೆಯ ಅಳತೆ ಸಿಕ್ಕೀತು.

ಮುಚ್ಚಿಹೋದ ತಪ್ಪು

ತಾಳ್ಮೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಜಪಾನಿನ ದುರಂತವೇ ಸಾಕ್ಷಿ. ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 747 ವಿಮಾನವೊಂದು 1978ರಲ್ಲಿ ಒಸಾಕಾದಲ್ಲಿ ಇಳಿಯುವಾಗ ಬಾಲವನ್ನು ನೆಲಕ್ಕೆ ತಾಗಿಸಿತು. ಹಿಂಭಾಗದಲ್ಲಿ ಗಾಳಿಯ ಒತ್ತಡ ತಡೆಯುವ ಗೋಡೆಯನ್ನು ಬೋಯಿಂಗ್ ಕಂಪನಿಯವರೇ ದುರಸ್ತಿ ಮಾಡಿದರು. ಅಲ್ಲಿ ಜೋಡಣೆಯ ಪಟ್ಟಿಯನ್ನು ಇಡಿಯಾಗಿ ಹಾಕುವ ಬದಲು ಎರಡು ತುಂಡು ಮಾಡಿ ಹಾಕಿದ್ದರಿಂದ ಎರಡು ಸಾಲು ರಿವೆಟ್ ಹೊರಬೇಕಾದ ಭಾರ ಒಂದೇ ಸಾಲಿನ ಮೇಲೆ ಬಿತ್ತು. ಹೊರನೋಟಕ್ಕೆ ಎಲ್ಲವೂ ಸರಿಯಿತ್ತು. ವಿಮಾನ ಏಳು ವರ್ಷ ಹಾರಿತು. 1985ರ ಆಗಸ್ಟ್ 12ರಂದು ಆ ಗೋಡೆ ಆಕಾಶದಲ್ಲಿ ಒಡೆಯಿತು. 524 ಮಂದಿಯಲ್ಲಿ 520 ಮಂದಿ ಸತ್ತರು.

ರಿವೆಟ್ಟಿನ ಗುಣವೂ ದೋಷವೂ ಇದೇ. ಹಾಕುವಾಗ ಕಣ್ಣಿಗೆ ಕಾಣುವ ತಪ್ಪು, ಮೇಲೆ ತಗಡು ಮುಚ್ಚಿದ ಬಳಿಕ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಮುಚ್ಚುವ ಮೊದಲು ಇನ್ನೊಬ್ಬರು ನೋಡಬೇಕು. ಮನೆಯಲ್ಲಿ ವಿಮಾನ ಕಟ್ಟುವ ಹವ್ಯಾಸದ ಚರಿತ್ರೆಯೆಲ್ಲ ಈ ‘ಇನ್ನೊಬ್ಬ’ನನ್ನು ಹುಡುಕಿಕೊಂಡ ಕತೆಯೇ ಆಗಿದೆ.

ಮನೆಯಂಗಳದ ವಿಮಾನ

1934ರಲ್ಲಿ ಫ್ರಾನ್ಸಿನ ಆಂರಿ ಮಿನ್ಯೆ, ಸಾಮಾನ್ಯ ಮರಗೆಲಸ ಬಲ್ಲ ಯಾರಾದರೂ ಮಾಡಿಕೊಳ್ಳಬಹುದಾದ ಪುಟ್ಟ ವಿಮಾನದ ನಕ್ಷೆಯನ್ನು ಪುಸ್ತಕವಾಗಿ ಪ್ರಕಟಿಸಿದರು. ‘ಹಾರುವ ಚಿಗಟ’ ಎಂದು ಹೆಸರಾದ ಅದು ಫ್ರಾನ್ಸ್, ಬ್ರಿಟನ್‌ಗಳಲ್ಲಿ ಹುಚ್ಚೆಬ್ಬಿಸಿತು. ಆದರೆ ಹಲವರು ಅದರಲ್ಲಿ ಸತ್ತರು. ಮೂತಿ ಒಂದು ಮಟ್ಟಕ್ಕಿಂತ ಕೆಳಗಾದರೆ ಎರಡು ರೆಕ್ಕೆಗಳ ನಡುವಿನ ಗಾಳಿ ಅದನ್ನು ಮತ್ತೆ ಏಳಲು ಬಿಡುತ್ತಿರಲಿಲ್ಲ ಎಂಬುದು ಪ್ರಯೋಗಾಲಯದ ಪರೀಕ್ಷೆಯಿಂದ ತಿಳಿಯಿತು. ಚಿಗಟದ ಹಾರಾಟಕ್ಕೆ ತಡೆ ಬಿತ್ತು.

ಯುದ್ಧದ ನಂತರ ಹವ್ಯಾಸಿಗಳು ಬುದ್ಧಿ ಕಲಿತರು. ಬ್ರಿಟನ್ನಿನಲ್ಲಿ 1946ರಲ್ಲಿ ಅವರದೇ ಸಂಘ ಹುಟ್ಟಿತು. ಅಮೆರಿಕದಲ್ಲಿ 1953ರಲ್ಲಿ ಪಾಲ್ ಪೊಬೆರೆಜ್ನಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಕಟ್ಟಿದರು. ಅನುಭವಿ ಸದಸ್ಯರು ಹೊಸಬರ ಷೆಡ್ಡಿಗೆ ಹೋಗಿ ಕೆಲಸ ನೋಡುವುದು, ತಪ್ಪು ತೋರಿಸುವುದು ಪದ್ಧತಿಯಾಯಿತು. ವಿಮಾನದ ಹೆಚ್ಚಿನ ಪಾಲು ಕೆಲಸವನ್ನು ಹವ್ಯಾಸಿಯೇ ಕಲಿಕೆಗಾಗಿ, ಸಂತೋಷಕ್ಕಾಗಿ ಮಾಡಿರಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಅಲ್ಲಿನ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1970ರ ದಶಕದಲ್ಲಿ ಆರಂಭಿಸಿದ ಕಂಪನಿಯ ಲೋಹದ ಕಿಟ್‌ಗಳಿಂದ ಎದ್ದು ಹಾರಿದ ವಿಮಾನಗಳೇ 11,000ಕ್ಕೂ ಹೆಚ್ಚು. ಇದೇ ಕಂಪನಿ ಕೆಲವು ಬಿಡಿಭಾಗಗಳಲ್ಲಿ ತೂತುಗಳನ್ನು ಲೇಸರಿನಿಂದ ಕತ್ತರಿಸಿದಾಗ, ರಿವೆಟ್ಟಿಗಾಗಿ ತಗ್ಗು ಒತ್ತುವ ಹೊತ್ತಿನಲ್ಲಿ ಅಂಚು ಬಿರುಕು ಬಿಡುವುದನ್ನು ಹವ್ಯಾಸಿಗಳೇ ಕಂಡರು. ಬಿಡಿಭಾಗಗಳನ್ನು ಬದಲಿಸಿಕೊಡುವ ಖರ್ಚೂ ಸೇರಿ ಕಂಪನಿ 2023ರ ಡಿಸೆಂಬರಿನಲ್ಲಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ತೂತಿನ ಅಂಚು ಎಷ್ಟು ದೊಡ್ಡ ವಿಷಯವೆಂದು ಇದರಿಂದ ತಿಳಿಯುತ್ತದೆ.

ಕಿಟ್ ಇಲ್ಲಿನದು, ಹವ್ಯಾಸ ಅಲ್ಲಿನದು

ಕರ್ನಾಟಕಕ್ಕೆ ಈ ಹವ್ಯಾಸದ ನಂಟು ಇಲ್ಲದೇ ಇಲ್ಲ. ಫ್ರಾನ್ಸಿನ ಜೋಯೆಲ್ ಕೋಷ್ಲಿನ್ ಬೆಂಗಳೂರಿನಲ್ಲಿ ನೆಲೆಸಿ ಸ್ಥಾಪಿಸಿದ ರಾಜ್ ಹಂಸ ಅಲ್ಟ್ರಾಲೈಟ್ಸ್ ಕಂಪನಿ 1990ರ ದಶಕದಲ್ಲಿ ಎಕ್ಸ್–ಏರ್ ಎಂಬ ಎರಡು ಆಸನಗಳ ಹಗುರ ವಿಮಾನ ರೂಪಿಸಿತು. ಅಲ್ಯುಮಿನಿಯಂ ಕೊಳವೆಗಳನ್ನು ಬೋಲ್ಟಿನಿಂದ ಜೋಡಿಸಿ ಮೇಲೆ ಬಟ್ಟೆ ಹೊದಿಸುವ ಈ ವಿಮಾನ ಕಿಟ್ ರೂಪದಲ್ಲಿ ಬ್ರಿಟನ್, ಫ್ರಾನ್ಸ್ ಮುಂತಾದ ದೇಶಗಳಿಗೆ ಹೋಯಿತು. ಅದರ ಮುಂದಿನ ಮಾದರಿಗೆ ‘ಹನುಮಾನ್’ ಎಂದೇ ಹೆಸರು. ಬೆಂಗಳೂರಿನಲ್ಲಿ ಕತ್ತರಿಸಿ, ಕೊರೆದು ಕಳಿಸಿದ ಕೊಳವೆಗಳನ್ನು ಯಾವುದೋ ಇಂಗ್ಲಿಷ್ ಹಳ್ಳಿಯ ಗೃಹಸ್ಥ ಜೋಡಿಸಿಕೊಂಡು ಹಾರಿದ.

ಸರ್ಕಾರಿ ಪ್ರಯೋಗಾಲಯವೂ ಹವ್ಯಾಸಿಗಳಿಂದ ಕಲಿತಿದೆ. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟಿಕೊಳ್ಳುವವರಿಗಾಗಿ ರೂಪಿಸಿದ ಲಾಂಗ್–ಈಜಿ ವಿಮಾನದ ನಕ್ಷೆಯನ್ನು ಆಧಾರವಾಗಿಟ್ಟುಕೊಂಡು ಬೆಂಗಳೂರಿನ ಎನ್‌ಎಎಲ್ ವಿಜ್ಞಾನಿಗಳು ಗಾಜಿನ ನಾರು, ರಾಳಗಳ ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿದರು. ಅದರ ಅನುಭವದ ಬಲದಿಂದ 1993ರಲ್ಲಿ ‘ಹಂಸ’ ತರಬೇತಿ ವಿಮಾನ ಮೇಲೇರಿತು. ರಿವೆಟ್ಟಿನ ಜಾಗದಲ್ಲಿ ಅಂಟು ಬಂತು. ಆದರೆ ಪದರದ ಒಳಗಿನ ತಪ್ಪು ಕಾಣದೆಂಬ ಚಿಂತೆ ಅಲ್ಲಿಯೂ ತಪ್ಪಲಿಲ್ಲ.

ಒಂಟಿಯಾಗಿ ಯತ್ನಿಸಿದವರ ಪಾಡು ಬೇರೆ. ಮುಂಬಯಿಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಆರು ಆಸನಗಳ ವಿಮಾನ ಕಟ್ಟಿದರು. ವರ್ಷಗಟ್ಟಲೆ ಕಚೇರಿ ಅಲೆದ ಮೇಲೆ ಅದಕ್ಕೆ ನೋಂದಣಿ ಸಿಕ್ಕಿದ್ದು 2017ರಲ್ಲಿ. ಅಧಿಕಾರಿಗಳನ್ನಷ್ಟೇ ದೂರಿ ಫಲವಿಲ್ಲ. ಕಟ್ಟಿ ಮುಗಿದ ವಿಮಾನದ ಒಳಗಿನ ಜೋಡಣೆ ಹೇಗಿದೆಯೆಂದು ಕಾಗದ ನೋಡಿ ಹೇಳುವುದು ಯಾರಿಗೂ ಕಷ್ಟ. ಕಟ್ಟುವಾಗಲೇ, ಹಂತ ಹಂತವಾಗಿ, ಬಲ್ಲವರು ಬಂದು ನೋಡುವ ಏರ್ಪಾಡು ನಮ್ಮಲ್ಲಿ ಬೆಳೆಯಲಿಲ್ಲ. ಅದಿಲ್ಲದಾಗ ಉಳಿಯುವುದು ಎರಡೇ ದಾರಿ: ಕಣ್ಣು ಮುಚ್ಚಿ ಒಪ್ಪುವುದು, ಇಲ್ಲವೇ ಕಡತ ಮುಚ್ಚಿ ನಿರಾಕರಿಸುವುದು.

ಸೋಗಾನೆಯಲ್ಲಿ ನಿಲ್ದಾಣದ ಉದ್ಘಾಟನೆಗೆ ಸಿದ್ಧತೆ ನಡೆದಿದ್ದ 2023ರ ಜನವರಿಯಲ್ಲೇ ಭದ್ರಾವತಿಯ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಕೆಲಸ ಭಾಗಶಃ ಮತ್ತೆ ಶುರುವಾಯಿತು. ಕುಲುಮೆ ತಣ್ಣಗಾದರೆ ಹೋಗುವುದು ಉಕ್ಕು ಮಾತ್ರವಲ್ಲ. ಅಳತೆ ತಪ್ಪದೆ ಕೊರೆಯಬಲ್ಲ, ತಪ್ಪಾದುದನ್ನು ನಾಚದೆ ಕಿತ್ತು ಮತ್ತೆ ಮಾಡಬಲ್ಲ, ಜೊತೆಯವರ ಕೆಲಸ ಪರೀಕ್ಷಿಸಬಲ್ಲ ಕೈಗಳೂ ಕಣ್ಣುಗಳೂ ಹೋಗುತ್ತವೆ. ಇಂಥ ಅನುಭವಿಗಳೂ ಶಿವಮೊಗ್ಗ, ಭದ್ರಾವತಿಗಳ ತಾಂತ್ರಿಕ ಶಾಲೆಗಳ ಹುಡುಗರು, ಹುಡುಗಿಯರೂ ಒಂದು ಷೆಡ್ಡಿನಲ್ಲಿ ಸೇರಿ ಒಂದು ರೆಕ್ಕೆಯನ್ನಾದರೂ ನಿಯಮ ತಪ್ಪದೆ ಕಟ್ಟಿ, ಪ್ರತಿ ತಗಡು ಮುಚ್ಚುವ ಮೊದಲು ಇನ್ನೊಬ್ಬರಿಗೆ ತೋರಿಸುವುದನ್ನು ರೂಢಿಸಿಕೊಂಡರೆ, ವಿಮಾನ ಹಾರುವುದಕ್ಕೆ ಎಷ್ಟು ಕಾಲ ಹಿಡಿದರೂ ಕಲಿತದ್ದು ವ್ಯರ್ಥವಾಗದು. ಓಡುಪಥ ಹಾಕಲು ಹಣ ಸಾಕು, ಕೈ ಪಳಗಲು ತಲೆಮಾರುಗಳೇ ಬೇಕು.